ಐದು ಪದ ನಾಯಕರದು, ಉಳಿದದ್ದು ದುಭಾಷಿಯದು

ಕಾರವಾರದ ದಕ್ಷಿಣಕ್ಕೆ, ಈಗಿನ ನೌಕಾನೆಲೆಯ ಮಗ್ಗುಲಲ್ಲೇ ಅಂಜದೀವ ದ್ವೀಪವಿದೆ. ಆಡಳಿತ ಗೋವಾದ್ದು, ಕಾಣಿಸುವುದು ನಮ್ಮ ಕಡಲಂಚಿಗೆ. 1498ರಲ್ಲಿ ವಾಸ್ಕೋ ಡ ಗಾಮಾ ಊರಿಗೆ ಮರಳುವ ಮೊದಲು ಇಲ್ಲಿ ಲಂಗರು ಹಾಕಿದ್ದ. ಆಗ ಹಡಗಿನ ಬಳಿಗೆ ಬಂದ ಒಬ್ಬ ಮನುಷ್ಯ ವೆನಿಸ್ ಕಡೆಯ ಮಾತಿನಲ್ಲಿ ಅವರನ್ನು ಮಾತಾಡಿಸಿದ. ಮೂಲತಃ ಯಹೂದಿ, ಗೋವೆಯನ್ನು ಆಳುತ್ತಿದ್ದ ಮುಸ್ಲಿಂ ದೊರೆಯ ಸೇವೆಯಲ್ಲಿದ್ದವ. ಗೂಢಚಾರನೆಂದು ಸಂಶಯಪಟ್ಟು ಹಿಡಿದರು, ಹಿಂಸಿಸಿ ಬಾಯಿ ಬಿಡಿಸಿದರು, ಲಿಸ್ಬನ್ನಿಗೆ ಒಯ್ದರು. ಅಲ್ಲಿ ಅವನಿಗೆ ಗಾಸ್ಪರ್ ಡ ಗಾಮಾ ಎಂಬ ಹೆಸರಾಯಿತು. 1500ರಲ್ಲಿ ಪೋರ್ಚುಗೀಸ್ ನಾಯಕ ಕಬ್ರಾಲನ ಹಡಗುಗಳು ಮತ್ತೆ ಈ ಕಡೆ ಹೊರಟಾಗ ಅವನೇ ದುಭಾಷಿ. ತೋಪು, ಹಡಗು, ರಾಜನ ಪತ್ರ ಎಲ್ಲ ಇದ್ದ ನಾಯಕರು ನಮ್ಮ ಕರಾವಳಿಯ ದೊರೆಗಳ ಮಾತನ್ನು ಅರಿಯಬೇಕಾದರೆ ಹಿಡಿದು ತಂದವನೊಬ್ಬನ ನಾಲಿಗೆಯನ್ನು ನಂಬಬೇಕಾಯಿತು.

ಇವತ್ತಿನ ನಾಯಕರ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಯಾರಾದರೂ ಒಬ್ಬರನ್ನು ಹೊಗಳುವಾಗ ‘ಅವರಿಗೆ ಎಂಟು ಭಾಷೆ ಬರುತ್ತದೆ’ ಎನ್ನುತ್ತೇವೆ. ಆ ‘ಬರುತ್ತದೆ’ಯ ಒಳಗೆ ನಾಲ್ಕು ಬೇರೆ ಬೇರೆ ಕೆಲಸಗಳು ಅಡಗಿವೆ. ನಮಸ್ಕಾರ ಹೇಳುವುದು ಒಂದು. ಬರೆದು ಕೊಟ್ಟದ್ದನ್ನು ಕೇಳುವವರಿಗೆ ಅರ್ಥವಾಗುವಂತೆ ಓದುವುದು ಇನ್ನೊಂದು. ಎದುರಿನವರ ಮಾತು ಕೇಳಿಸಿಕೊಂಡು ಹರಟುವುದು ಮೂರನೆಯದು. ಮಾತುಕತೆಯ ಮೇಜಿನಲ್ಲಿ ಒಂದು ಷರತ್ತಿಗೆ ‘ಆಗಬಹುದು’ ಎನ್ನಬೇಕೋ ‘ಆಗುತ್ತದೆ’ ಎನ್ನಬೇಕೋ ಎಂದು ಆ ಭಾಷೆಯಲ್ಲೇ ತೂಗಿ ಆರಿಸುವುದು ನಾಲ್ಕನೆಯದು. ಮೊದಲನೆಯದಕ್ಕೆ ಒಂದು ದಿನ ಸಾಕು, ಎರಡನೆಯದಕ್ಕೆ ಎರಡು ವಾರ. ನಾಲ್ಕನೆಯದಕ್ಕೆ ವರ್ಷಗಳೇ ಬೇಕು.

ಎಷ್ಟು ವರ್ಷ? ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವಾಗ ಇಟ್ಟುಕೊಂಡಿರುವ ಲೆಕ್ಕ ಇದು: ಇಂಗ್ಲಿಷ್ ಮಾತಾಡುವವರು ಸ್ಪ್ಯಾನಿಷ್ ಅಥವಾ ಫ್ರೆಂಚ್‌ನಲ್ಲಿ ಕಚೇರಿ ಕೆಲಸ ಮಾಡುವ ಮಟ್ಟಕ್ಕೆ ಬರಲು ಸುಮಾರು 600ರಿಂದ 750 ತರಗತಿ ಗಂಟೆ, ರಷ್ಯನ್‌ಗೆ 1100, ಅರಬ್ಬಿ, ಚೀನೀ, ಜಪಾನೀ, ಕೊರಿಯನ್ ಭಾಷೆಗಳಿಗೆ 2200. ದಿನಕ್ಕೆ ಒಂದು ಗಂಟೆ ತಪ್ಪದೆ ಕೂತರೂ 2200 ಗಂಟೆಗೆ ಆರು ವರ್ಷ. ಕನ್ನಡಿಗರಿಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಅಂಟುತ್ತದೆ. ಹಾಗಾಗಿ ವ್ಯಾಕರಣದ ಮಟ್ಟಿಗೆ ನಮಗೆ ಅದು ಸುಲಭ, ಲಿಪಿ ಮಾತ್ರ ಎಲ್ಲರಿಗೂ ಕಷ್ಟ. ಆದರೆ ಕ್ಷೇತ್ರ, ಸದನ, ಪಕ್ಷ, ಮದುವೆ ಮುಂಜಿ ಎಂದು ಓಡಾಡುವ ಜನಪ್ರತಿನಿಧಿಗೆ ಆರು ವರ್ಷ ದಿನಕ್ಕೊಂದು ಗಂಟೆ ಸಿಗುವುದಿಲ್ಲ. ಭಾರತದ ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆ ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಹಂಚಿ, ಆ ಭಾಷೆಯ ನಾಡಿಗೇ ಕಳಿಸಿ ಕಲಿಸುವುದು ಈ ಕಾರಣಕ್ಕೆ. ನಾಯಕರು ಕಲಿಯಲಾರದ್ದನ್ನು ಸರ್ಕಾರ ಅಧಿಕಾರಿಗಳ ಮೂಲಕ ಕಲಿತಿಟ್ಟುಕೊಳ್ಳುತ್ತದೆ.

ನಾಲ್ಕನೆಯ ಮಟ್ಟ ಮುಟ್ಟಿದ ನಾಯಕರು ಬೆರಳೆಣಿಕೆಯಷ್ಟು. ಪಿ. ವಿ. ನರಸಿಂಹ ರಾವ್ ಹತ್ತಾರು ಭಾಷೆ ಬಲ್ಲವರು, ಸ್ಪ್ಯಾನಿಷ್ ಕಲಿತಿದ್ದರು, ತೆಲುಗಿನ ದೊಡ್ಡ ಕಾದಂಬರಿಯೊಂದನ್ನು ಹಿಂದಿಗೆ ತಂದರು. ಕೊಂಕಣ ರೈಲಿನ ಹಿಂದಿನ ಶಕ್ತಿಯಾಗಿದ್ದ ಜಾರ್ಜ್ ಫರ್ನಾಂಡಿಸ್ ಮನೆಮಾತು ಕೊಂಕಣಿಯ ಜೊತೆಗೆ ಕನ್ನಡ, ತುಳು, ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲಿ ಸಭೆ ನಡೆಸಬಲ್ಲವರಾಗಿದ್ದರು. ಇವರಿಬ್ಬರ ಭಾಷಾಬಲದ ಬೇರು ಇರುವುದು ಬಾಲ್ಯದಲ್ಲೇ ನಾಲ್ಕು ಭಾಷೆ ಕಿವಿಗೆ ಬಿದ್ದ ಊರುಗಳಲ್ಲಿ.

ಆ ಲೆಕ್ಕದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯೇ ಒಳ್ಳೆಯ ಶಾಲೆ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ಅರಬ್ಬಿ-ಪಾರ್ಸಿ ಬೆರೆತು ಅರಬ್ಬಿ ಮಾದರಿಯ ಲಿಪಿಯಲ್ಲಿ ಬರೆಯುವ ನವಾಯತಿ, ಅಂಕೋಲೆಯಲ್ಲಿ ಹಾಲಕ್ಕಿಗಳ ಕನ್ನಡ, ಶಿರಸಿ-ಸಿದ್ದಾಪುರದಲ್ಲಿ ಹವ್ಯಕ ಕನ್ನಡ, ಹಳಿಯಾಳದ ಕಡೆ ಮರಾಠಿ, ಮುಂಡಗೋಡಿನಲ್ಲಿ ಟಿಬೆಟನ್. ಕಾರವಾರದಿಂದ ಮುಂಡಗೋಡಿಗೆ ಒಂದು ದಿನದ ಪ್ರಚಾರಕ್ಕೆ ಹೊರಟವರು ಮಧ್ಯಾಹ್ನದ ಊಟದೊಳಗೆ ಮೂರು ಭಾಷೆ ದಾಟಿರುತ್ತಾರೆ. ‘ದೇವ್ ಬರೆಂ ಕರೂಂ’ ಎಂದರೆ ಕೊಂಕಣಿಗರ ಮುಖ ಅರಳುತ್ತದೆ. ‘ತಾಶಿ ದೆಲೆಕ್’ ಎಂದರೆ ಟಿಬೆಟನ್ ಅಜ್ಜಿ ಕೈ ಜೋಡಿಸುತ್ತಾಳೆ. ಶಿರಸಿ ಕಡೆಯ ಮನೆಯಲ್ಲಿ ‘ಆಸ್ರಿಗೆ ಎಂತ ಬೇಕು?’ ಎಂದು ಕೇಳಿದಾಗ ಅದು ಕುಡಿಯಲು ಏನು ಕೊಡಲಿ ಎಂಬ ಉಪಚಾರ ಎಂದು ತಿಳಿದು ಉತ್ತರ ಕೊಟ್ಟ ಅಭ್ಯರ್ಥಿ ಅರ್ಧ ಗೆದ್ದಂತೆ. 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಸ್ಪರ್ಧಿಸಿದ ಸುಷ್ಮಾ ಸ್ವರಾಜ್ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ಚುನಾವಣೆ ಸೋತರು, ಆದರೆ ಅವರ ಕನ್ನಡವನ್ನು ಬಳ್ಳಾರಿಯ ಜನ ಇಂದಿಗೂ ನೆನೆಯುತ್ತಾರೆ.

ಅಂತರರಾಷ್ಟ್ರೀಯ ವೇದಿಕೆಯಲ್ಲೂ ಮೊದಲ ಮಟ್ಟದ ಬಲ ಇಷ್ಟೇ ದೊಡ್ಡದು. 2011ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಡಬ್ಲಿನ್‌ನ ಔತಣಕೂಟದಲ್ಲಿ ‘ರಾಷ್ಟ್ರಾಧ್ಯಕ್ಷರೇ, ಗೆಳೆಯರೇ’ ಎಂಬಷ್ಟನ್ನು ಐರಿಷ್ ಭಾಷೆಯಲ್ಲಿ ಹೇಳಿದರು. ಒಟ್ಟು ಐದು ಪದ, ಉಳಿದದ್ದೆಲ್ಲ ಇಂಗ್ಲಿಷ್. ಪಕ್ಕದಲ್ಲಿದ್ದ ಐರ್ಲೆಂಡಿನ ಅಧ್ಯಕ್ಷೆ ಬೆರಗಾಗಿ ಉದ್ಗಾರ ತೆಗೆದರು. ನೂರಾರು ವರ್ಷ ಆಳಿದವರ ಬಾಯಲ್ಲಿ ಆಳಿಸಿಕೊಂಡವರ ಭಾಷೆ ಬಂದಿತ್ತು. ಆ ಐದು ಪದಗಳ ಆಯ್ಕೆಯಲ್ಲಿ ರಾಜಕೀಯವೂ ಇತ್ತು, ಮರ್ಯಾದೆಯೂ ಇತ್ತು. ಭಾಷಣದ ಉಳಿದ ಭಾಗವನ್ನೂ ಐರಿಷ್‌ನಲ್ಲಿ ಓದಲು ಹೋಗಿದ್ದರೆ ಜನ ಅರ್ಥ ಬಿಟ್ಟು ಉಚ್ಚಾರ ಕೇಳುತ್ತಿದ್ದರು.

ಎರಡನೆಯ ಮಟ್ಟ, ಅಂದರೆ ಬರೆದು ಕೊಟ್ಟದ್ದನ್ನು ಓದುವುದು. ಇಲ್ಲಿಯೇ ಹೆಚ್ಚು ಜನ ಎಡವುವುದು. ಕಾರಣ ಸಾಮಾನ್ಯವಾಗಿ ಚೀಟಿ.

1963ರ ಜೂನ್ 26ರಂದು ಬರ್ಲಿನ್ನಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹೇಳಿದ ‘ನಾನೂ ಬರ್ಲಿನ್ನಿಗ’ ಎಂಬ ಜರ್ಮನ್ ವಾಕ್ಯ ಅವರ ಕೈಯ ಚೀಟಿಯಲ್ಲಿ ಜರ್ಮನ್ ಕಾಗುಣಿತದಲ್ಲಿ ಇರಲಿಲ್ಲ. ಇಂಗ್ಲಿಷ್ ಓದುವ ಕಣ್ಣಿಗೆ ಉಚ್ಚಾರ ಹೇಗೆ ಕಾಣಬೇಕೋ ಹಾಗೆ ಅವರೇ ಬರೆದುಕೊಂಡಿದ್ದರು. (ಆ ವಾಕ್ಯಕ್ಕೆ ‘ನಾನೊಂದು ಸಿಹಿತಿಂಡಿ’ ಎಂಬ ಅರ್ಥ ಬಂದು ಜನ ನಕ್ಕರು ಎಂಬ ಮಾತು ಸುಳ್ಳು. ವಾಕ್ಯ ವ್ಯಾಕರಣಬದ್ಧವಾಗಿತ್ತು, ಜನ ಕೂಗಿದ್ದು ಹರ್ಷದಿಂದ.) ಚೀಟಿ ಯಾವ ಲಿಪಿಯಲ್ಲಿ ಇರಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಓದುವವರ ಕೈಗೆ ಪಳಗಿದ ಲಿಪಿಯಲ್ಲಿ. ಕನ್ನಡದ ನಾಯಕರಿಗೆ ಕನ್ನಡ ಲಿಪಿಯಲ್ಲೇ ಬರೆದು ಕೊಡಬೇಕು, ಇಂಗ್ಲಿಷ್ ಅಕ್ಷರದಲ್ಲಲ್ಲ.

ಕನ್ನಡ ಲಿಪಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ರಷ್ಯನ್ ಭಾಷೆಗಳ ತ-ದ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ಸದ್ದು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಮ್ಮವರು ಅದನ್ನು ಟ-ಡ ಎಂದು ಓದುತ್ತಾರೆ. ‘ಎಲ್ಲರೂ’ ಎಂಬ ಸ್ಪ್ಯಾನಿಷ್ ಪದವನ್ನು ‘ತೋದೊಸ್’ ಎಂದು ಬರೆದುಕೊಟ್ಟರೆ ಅರ್ಧ ಕೆಲಸ ಮುಗಿಯಿತು, ‘ಟೊಡೊಸ್’ ಎಂದರೆ ಕೆಟ್ಟಿತು. ಹ್ರಸ್ವ-ದೀರ್ಘ ತೋರಿಸಲು ನಮಗೆ ಎ-ಏ, ಒ-ಓ ಇವೆ. ಶಾಲೆ ಬಿಟ್ಟ ಮೇಲೆ ಯಾರೂ ಬರೆಯದ ಞ ಕೂಡ ಇಲ್ಲಿ ಕೈಹಿಡಿಯುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದ ‘ಮೆಣಸಿನ ರಾಣಿ’ ಎಂಬ ಹೆಸರು ‘ರೈಞ ದ ಪಿಮೆಂತ’. ಸಾಮಾನ್ಯವಾಗಿ ಅದನ್ನು ‘ರೈನಾ ಡ ಪಿಮೆಂಟಾ’ ಎಂದು ಬರೆಯುತ್ತಾರೆ, ಮೂರು ಪದದಲ್ಲಿ ಮೂರು ತಪ್ಪು.

ಕನ್ನಡ ಲಿಪಿ ಸೋಲುವ ಜಾಗಗಳೂ ಇವೆ, ಅವನ್ನು ಚೀಟಿ ಬರೆಯುವವರು ಮೊದಲೇ ತಿಳಿದಿರಬೇಕು. ಫ್ರೆಂಚ್ ಮತ್ತು ಪೋರ್ಚುಗೀಸ್‌ನ ಮೂಗಿನ ಸ್ವರಗಳಿಗೆ ಸೊನ್ನೆ ಹಾಕಿದರೆ ಶಿರಸಿಯ ಕನ್ನಡಿಗರು ಅದನ್ನು ನ್ ಅಥವಾ ಮ್ ಎಂದು ಪೂರ್ತಿ ಉಚ್ಚರಿಸಿಬಿಡುತ್ತಾರೆ. ಕಾರವಾರದ ಕೊಂಕಣಿಗರಿಗೆ ಆ ತೊಂದರೆ ಇಲ್ಲ. ‘ಬರೆಂ’ ಎನ್ನುವಾಗ ಗಾಳಿಯನ್ನು ಮೂಗಿಗೆ ಬಿಡುವ ಅಭ್ಯಾಸ ಅವರ ಬಾಯಿಗೆ ಹುಟ್ಟಿನಿಂದಲೇ ಇದೆ. ಜರ್ಮನ್, ಫ್ರೆಂಚ್‌ಗಳಲ್ಲಿ ತುಟಿ ‘ಉ’ ಎಂದೂ ನಾಲಿಗೆ ‘ಈ’ ಎಂದೂ ನಿಲ್ಲುವ ಒಂದು ಸ್ವರವಿದೆ. ಅದಕ್ಕೆ ಅಕ್ಷರ ಹುಡುಕಬಾರದು, ಬಾಯಲ್ಲಿ ಮಾಡಿ ತೋರಿಸಬೇಕು. ರಷ್ಯನ್‌ನಲ್ಲಿ ಒತ್ತು ಬೀಳದ ‘ಒ’ ಬಹುಮಟ್ಟಿಗೆ ‘ಅ’ ಆಗುತ್ತದೆ, ಆದ್ದರಿಂದ ‘ಒಳ್ಳೆಯದು’ ಎಂಬ ಪದ ಬರಹದಲ್ಲಿ ‘ಖೊರೊಶೊ’ ಇದ್ದರೂ ಚೀಟಿಯಲ್ಲಿ ‘ಖರಶೋ’ ಎಂದೇ ಇರಲಿ, ಒತ್ತಿನ ಅಕ್ಷರಕ್ಕೆ ಅಡಿಗೆರೆ ಎಳೆಯಿರಿ. ಚೀನಿಯಲ್ಲಿ ಸ್ವರದ ಏರಿಳಿತವೇ ಅರ್ಥ. ‘ಮಾಯ್’ ಎಂಬುದನ್ನು ತಗ್ಗಿಸಿ ಏರಿಸಿದರೆ ಕೊಳ್ಳುವುದು, ಮೇಲಿಂದ ಥಟ್ಟನೆ ಇಳಿಸಿದರೆ ಮಾರುವುದು. ವ್ಯಾಪಾರದ ಮಾತಿಗೆ ಹೋದವರು ಇದನ್ನು ಅದಲುಬದಲು ಮಾಡಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ನಾಲಿಗೆಯ ಎರಡು ರೂಢಿಗಳನ್ನೂ ಕಟ್ಟಿಹಾಕಬೇಕು. ಪದದ ಮೊದಲಿಗೆ ಒತ್ತಕ್ಷರ ಬಂದರೆ ಹಲವರು ‘ಇ’ ಸೇರಿಸುತ್ತಾರೆ, ಸ್ಕೂಲು ಇಸ್ಕೂಲಾದಂತೆ ರಷ್ಯನ್ನಿನ ‘ಸ್ಪಸೀಬ’ ‘ಇಸ್ಪಸೀಬ’ ಆಗುತ್ತದೆ. ಪದ ವ್ಯಂಜನದಲ್ಲಿ ನಿಂತರೆ ಕೊನೆಗೊಂದು ‘ಉ’ ಬರುತ್ತದೆ, ಬಸ್ಸು, ಕಾರು ಎಂದಂತೆ. ಚೀಟಿಯಲ್ಲಿ ಅರ್ಧಾಕ್ಷರದ ಮುಂದೆ ಒಂದು ಸಣ್ಣ ಗೆರೆ ಹಾಕಿ ‘ಇಲ್ಲೇ ನಿಲ್ಲಿಸಿ’ ಎಂದು ಕಲಿಸಬೇಕು.

ಇನ್ನೊಂದು ಬಲೆ ಕನ್ನಡಿಗರಿಗೆಂದೇ ಹೆಣೆದಂತಿದೆ. ‘ಬರುತ್ತೇನೆ’, ‘ಸಂತೋಷವಾಗಿದೆ’ ಎಂದು ಹೇಳುವವರು ಗಂಡಸೋ ಹೆಂಗಸೋ ಕನ್ನಡ ಕ್ರಿಯಾಪದ ಕೇಳುವುದಿಲ್ಲ. ಪೋರ್ಚುಗೀಸ್‌ನಲ್ಲಿ ಗಂಡಸು ಧನ್ಯವಾದಕ್ಕೆ ‘ಒಬ್ರಿಗಾದು’ ಎಂದರೆ ಹೆಂಗಸು ‘ಒಬ್ರಿಗಾದ’ ಎನ್ನಬೇಕು. ರಷ್ಯನ್‌ನಲ್ಲಿ ‘ನನಗೆ ಸಂತೋಷ’ ಎನ್ನಲು ಅವನು ‘ರಾತ್’, ಅವಳು ‘ರಾದ’. ಹಿಂದಿನ ಅಧ್ಯಕ್ಷರಿಗೆಂದು ಮಾಡಿದ ಚೀಟಿಯನ್ನೇ ಹೊಸ ಅಧ್ಯಕ್ಷೆಗೆ ಕೊಟ್ಟರೆ ಮೊದಲ ವಾಕ್ಯದಲ್ಲೇ ಸಭೆ ಮುಸಿಮುಸಿ ನಗುತ್ತದೆ. ಚೀಟಿ ತಯಾರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ‘ಓದುವವರು ಯಾರು?’ ಎಂಬುದು.

ತಯಾರಿಯ ಕ್ರಮ ಹೀಗಿದ್ದರೆ ಒಳ್ಳೆಯದು. ಎಂಟು ವಾಕ್ಯಕ್ಕಿಂತ ಹೆಚ್ಚು ಬೇಡ. ಆ ಭಾಷೆಯನ್ನು ಮನೆಮಾತಾಗಿ ಆಡುವವರಿಂದ ಎರಡು ಸಲ ಓದಿಸಿ ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ, ಒಮ್ಮೆ ನಿಧಾನ, ಒಮ್ಮೆ ಸಹಜ ವೇಗ. ನಾಯಕರು ಮೊದಲ ಎರಡು ದಿನ ಚೀಟಿ ನೋಡದೆ ಬರೀ ಕೇಳಲಿ. ಮೂರನೆಯ ದಿನದಿಂದ ಬೆಳಿಗ್ಗೆ-ಸಂಜೆ ಹತ್ತು ಹತ್ತು ನಿಮಿಷ ಗಟ್ಟಿಯಾಗಿ ಹೇಳಲಿ. ಒಂದು ವಾರದ ಮೇಲೆ ಪರೀಕ್ಷೆ: ಆ ಭಾಷೆ ಬಲ್ಲ, ಆದರೆ ಚೀಟಿಯನ್ನು ನೋಡಿರದ ಒಬ್ಬರಿಗೆ ಇವರ ಧ್ವನಿ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಅವರು ಬರೆಯಲಾರದ ವಾಕ್ಯವನ್ನು ತಿದ್ದುತ್ತ ಕೂರುವ ಬದಲು ತೆಗೆದುಹಾಕಿ ಚಿಕ್ಕದೊಂದನ್ನು ಹಾಕಿ. ಅಕ್ಷರ ದೊಡ್ಡದಿರಲಿ, ಉಸಿರು ನಿಲ್ಲುವಲ್ಲಿ ಸಾಲು ಮುರಿಯಲಿ, ವಾಕ್ಯ ಒಂದು ಹಾಳೆಯಿಂದ ಇನ್ನೊಂದಕ್ಕೆ ದಾಟದಿರಲಿ. ಬಯಲು ಸಭೆಗೆ ಹೊಳಪಿನ ಕಾಗದ ಬೇಡ, ಕಡಲತೀರದ ಬಿಸಿಲಿನಲ್ಲಿ ಅದು ಕನ್ನಡಿಯಾಗುತ್ತದೆ. ಎಂಟರಲ್ಲಿ ಕೊನೆಯ ವಾಕ್ಯ ‘ಇನ್ನು ಮುಂದೆ ನನ್ನ ಭಾಷೆಯಲ್ಲಿ ಹೇಳುತ್ತೇನೆ’ ಎಂದಿರಬೇಕು. ಅದಿಲ್ಲದಿದ್ದರೆ ಅತಿಥಿಗಳು ಇವರಿಗೆ ಭಾಷೆ ಬರುತ್ತದೆಂದು ನಂಬಿ ಅದೇ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆ, ಚೆನ್ನಾಗಿ ಆದ ಭಾಷಣ ಅಲ್ಲಿ ಮುರಿದು ಬೀಳುತ್ತದೆ.

ಮೂರು-ನಾಲ್ಕನೆಯ ಮಟ್ಟದವರು ಭಾಷೆಯನ್ನು ಹೇಗೆ ಬಳಸುತ್ತಾರೆ ನೋಡಿ. ಆಸ್ಟ್ರೇಲಿಯದ ಪ್ರಧಾನಿಯಾಗಿದ್ದ ಕೆವಿನ್ ರಡ್ 2008ರ ಏಪ್ರಿಲ್‌ನಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಚೀನಿಯಲ್ಲೇ ಮಾತಾಡುತ್ತ ‘ಜಂಗ್ಯೋ’ ಎಂಬ ಹಳೆಯ ಪದ ಬಳಸಿದರು. ತಪ್ಪಿದ್ದಲ್ಲಿ ಮುಖದ ಮೇಲೆ ಹೇಳಬಲ್ಲ ಗೆಳೆಯ ಎಂದು ಅದರರ್ಥ. ಟೀಕೆಗೆ ಗೆಳೆತನದ ಬಟ್ಟೆ ತೊಡಿಸಿದ ಆ ಪದ ಚೀನಾದ ಸಂಪ್ರದಾಯದೊಳಗಿನದೇ ಆದ್ದರಿಂದ ಅದನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ರಷ್ಯಾದ ಪುಟಿನ್ ಶಾಲೆಯಲ್ಲೇ ಜರ್ಮನ್ ಕಲಿತು 1980ರ ದಶಕದಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದವರು, 2001ರ ಸೆಪ್ಟೆಂಬರ್ 25ರಂದು ಜರ್ಮನ್ ಸಂಸತ್ತಿನಲ್ಲಿ ಬಹುಮಟ್ಟಿಗೆ ಜರ್ಮನ್‌ನಲ್ಲೇ ಭಾಷಣ ಮಾಡಿದರು. ಜರ್ಮನಿಯ ಚಾನ್ಸಲರ್ ಆಗಿದ್ದ, ಪೂರ್ವ ಜರ್ಮನಿಯಲ್ಲಿ ಬೆಳೆದ ಮರ್ಕೆಲ್ ಶಾಲೆಯಲ್ಲಿ ರಷ್ಯನ್ ಭಾಷಾ ಸ್ಪರ್ಧೆ ಗೆದ್ದವರು. ಇಷ್ಟಿದ್ದೂ ಇಂಥ ನಾಯಕರ ಅಧಿಕೃತ ಮಾತುಕತೆಯಲ್ಲಿ ದುಭಾಷಿಗಳು ಇದ್ದೇ ಇರುತ್ತಾರೆ.

ಏಕೆಂದರೆ ದುಭಾಷಿ ಮಾತಾಡುವಷ್ಟು ಹೊತ್ತು ನಾಯಕರಿಗೆ ಯೋಚಿಸಲು ಸಮಯ ಸಿಗುತ್ತದೆ. ಭಾಷೆ ಬಲ್ಲವರಿಗೆ ಪ್ರಶ್ನೆ ಎರಡು ಸಲ ಕೇಳಿಸುತ್ತದೆ, ಉತ್ತರ ಒಂದೇ ಸಲ ಕೊಟ್ಟರಾಯಿತು. ಎದುರಿನವರ ಭಾಷೆಯಲ್ಲಿ ವಾದಿಸುವವರು ಪದ ಹುಡುಕುತ್ತ, ತಮಗೆ ಬೇಕಾದದ್ದನ್ನು ಬಿಟ್ಟು ತಮಗೆ ಬರುವುದನ್ನು ಹೇಳತೊಡಗುತ್ತಾರೆ. ಮಾತು ಎಲ್ಲಿಯಾದರೂ ಜಾರಿದರೆ ‘ಅನುವಾದದಲ್ಲಿ ವ್ಯತ್ಯಾಸವಾಯಿತು’ ಎಂದು ಹಿಂದೆ ಸರಿಯುವ ದಾರಿಯೂ ಉಳಿಯುತ್ತದೆ. ಆದ್ದರಿಂದ ನಾಯಕರಿಗೆ ಪರಭಾಷೆ ನಿಜವಾಗಿ ಉಪಯೋಗಕ್ಕೆ ಬರುವುದು ಕಿವಿಗೆ. ಎದುರಿನವರು ತಮ್ಮ ಸಹಾಯಕರ ಕಡೆ ತಿರುಗಿ ಹೇಳಿದ ಅರ್ಧ ವಾಕ್ಯ, ಯಾವ ಪದದ ಬಳಿ ಮಾತು ತಡವರಿಸಿತು ಎಂಬುದು, ದುಭಾಷಿ ನುಂಗಿದ ವಿಶೇಷಣ: ಇವೆಲ್ಲ ಭಾಷೆ ಅರ್ಧ ಬಂದವರಿಗೂ ಸಿಗುತ್ತವೆ.

ದುಭಾಷಿಯ ಕೆಲಸ ಮೂರು ಬಗೆಯದು. ಮಾತಾಡುವವರು ಎರಡು-ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ, ದುಭಾಷಿ ಅನುವಾದಿಸಿ ಮುಂದುವರಿಯುವುದು ಸರದಿ ಅನುವಾದ. ಇದರಲ್ಲಿ ಹತ್ತು ನಿಮಿಷದ ಭಾಷಣಕ್ಕೆ ಇಪ್ಪತ್ತು ನಿಮಿಷ ಬೇಕು. ಕಾರ್ಯಕ್ರಮ ಪಟ್ಟಿ ಮಾಡುವವರು ಇದನ್ನು ಮರೆತು, ಕೊನೆಗೆ ಅತಿಥಿಗಳ ಸಮಯ ಕತ್ತರಿಸುವುದು ಸಾಮಾನ್ಯ. ಒಬ್ಬರಿಗೋ ಇಬ್ಬರಿಗೋ ಕಿವಿಯ ಹತ್ತಿರ ಹೇಳುತ್ತ ಹೋಗುವುದು ಪಿಸುಮಾತಿನ ಅನುವಾದ. ಕಿವಿಯಂತ್ರ ಹಾಕಿಕೊಂಡವರಿಗೆ ಗಾಜಿನ ಗೂಡಿನೊಳಗಿಂದ ಕೇಳಿಸುವುದು ಏಕಕಾಲದ ಅನುವಾದ. ನಾಜಿ ಮುಖಂಡರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ 1945-46ರಲ್ಲಿ ನಾಲ್ಕು ಭಾಷೆಗಳ ನಡುವೆ ದೊಡ್ಡ ಪ್ರಮಾಣದಲ್ಲಿ ನಡೆದ ಮೇಲೆ ಇದು ಜಗತ್ತಿಗೆ ಹಬ್ಬಿತು. ಒಂದು ಗೂಡಿನಲ್ಲಿ ಒಬ್ಬರೇ ಕೂರುವಂತಿಲ್ಲ. ಸುಮಾರು 20ರಿಂದ 30 ನಿಮಿಷಕ್ಕೆ ಸರದಿ ಬದಲಾಗಬೇಕು, ಅದಕ್ಕಿಂತ ಹೆಚ್ಚಾದರೆ ತಪ್ಪು ಏರುತ್ತದೆ, ಮತ್ತು ದಣಿದ ದುಭಾಷಿಗೆ ತನ್ನ ತಪ್ಪು ತನಗೇ ತಿಳಿಯುವುದಿಲ್ಲ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರೇ: ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್, ಚೀನೀ, ಅರಬ್ಬಿ. 1977ರಲ್ಲಿ ವಾಜಪೇಯಿ ಅಲ್ಲಿ ಹಿಂದಿಯಲ್ಲಿ ಮಾತಾಡಿದ್ದು ನಿಯಮದೊಳಗೇ. ಬೇರೆ ಭಾಷೆಯಲ್ಲಿ ಮಾತಾಡುವವರು ಆ ಆರರಲ್ಲಿ ಒಂದಕ್ಕೆ ಅನುವಾದದ ವ್ಯವಸ್ಥೆಯನ್ನು ತಾವೇ ಮಾಡಿಕೊಂಡರಾಯಿತು, ಉಳಿದ ಗೂಡುಗಳು ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತವೆ.

ನಮ್ಮ ಲೋಕಸಭೆಯಲ್ಲಿ ಕನ್ನಡ ಮೊದಲು ಕೇಳಿಸಿದ್ದು 1967ರಲ್ಲಿ, ಶಿವಮೊಗ್ಗದಿಂದ ಗೆದ್ದಿದ್ದ ಜೆ. ಎಚ್. ಪಟೇಲರ ಬಾಯಲ್ಲಿ. ಕೆನರಾ ಕ್ಷೇತ್ರದಿಂದ ಚುಟುಕು ಕವಿ ದಿನಕರ ದೇಸಾಯಿ ಗೆದ್ದು ಹೋಗಿದ್ದೂ ಅದೇ ಲೋಕಸಭೆಗೆ. ಸಂವಿಧಾನದ 120ನೇ ವಿಧಿಯ ಪ್ರಕಾರ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಸರಿಯಾಗಿ ಹೇಳಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು.

ದುಭಾಷಿ ಎಡವಿದಾಗ ಜನ ದುಭಾಷಿಯನ್ನೇ ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಕರೆಸಿದವರದು. 1977ರ ಡಿಸೆಂಬರ್‌ನಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ‘ಅಮೆರಿಕದಿಂದ ಹೊರಟು ಬಂದೆ’ ಎಂದದ್ದು ಪೋಲಿಷ್‌ನಲ್ಲಿ ‘ಅಮೆರಿಕವನ್ನು ತೊರೆದು ಬಂದೆ’ ಎಂಬಂತಾಯಿತು. ಪೋಲಿಷ್ ಜನರ ‘ಆಶೋತ್ತರ’ ಎಂಬುದು ‘ಕಾಮನೆ’ಯಾಗಿ ಕೇಳಿಸಿ ಜಗತ್ತೇ ನಕ್ಕಿತು. ಭಾಷೆ ಓದಿ ಬರೆದು ಬಲ್ಲವರೆಲ್ಲ ನಿಂತ ನಿಲುವಿನಲ್ಲಿ ಬಾಯಲ್ಲಿ ಅನುವಾದಿಸಬಲ್ಲರು ಎಂದು ಆರಿಸಿದವರು ನಂಬಿದ್ದರ ಫಲ ಅದು. ಇದಕ್ಕೆ ಎದುರಾದ ನಡೆ 1972ರ ಫೆಬ್ರವರಿಯಲ್ಲಿ ಬೀಜಿಂಗ್‌ನ ಔತಣಕೂಟದಲ್ಲಿ ಕಂಡಿತು. ಅಧ್ಯಕ್ಷ ನಿಕ್ಸನ್ ಅವರ ಮಾತನ್ನು ಚೀನಿಗೆ ತರಬೇಕಿದ್ದ ಅಮೆರಿಕದ ಚಾಸ್ ಫ್ರೀಮನ್ ಭಾಷಣದ ಪ್ರತಿ ಮೊದಲೇ ಕೊಡಿ ಎಂದು ಕೇಳಿದರು. ಅದರಲ್ಲಿ ಮಾವೋ ಕವಿತೆಯ ಸಾಲಿದೆ ಎಂದು ಅವರಿಗೆ ಗೊತ್ತಿತ್ತು. ಮಾವೋನ ಸಾಲನ್ನು ಇಂಗ್ಲಿಷ್‌ನಿಂದ ಮತ್ತೆ ಚೀನಿಗೆ ಊಹಿಸಿ ಹೇಳುವುದು ಆಗದ ಮಾತು. ಪ್ರತಿ ಕೊಡಲಿಲ್ಲ, ಅವರು ಅನುವಾದಿಸಲು ಒಪ್ಪಲಿಲ್ಲ, ಚೀನಾದ ಕಡೆಯ ದುಭಾಷಿ ಆ ಕೆಲಸ ಮಾಡಬೇಕಾಯಿತು. ಫ್ರೀಮನ್ ಮಾಡಿದ್ದೇ ಸರಿ. ಡಿವಿಜಿಯವರ ಕಗ್ಗವನ್ನೋ ವಚನವನ್ನೋ ಭಾಷಣದ ನಡುವೆ ಎತ್ತಿಕೊಳ್ಳುವ ನಮ್ಮ ನಾಯಕರು ಹಿಂದಿನ ದಿನವೇ ಆ ಸಾಲನ್ನು ದುಭಾಷಿಯ ಕೈಗಿಡಬೇಕು.

ಕನ್ನಡದಿಂದ ಅನುವಾದಿಸುವವರ ಕಷ್ಟ ಕನ್ನಡದ ರಚನೆಯೊಳಗೇ ಇದೆ. ‘ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಹಾದುಹೋಗುವ ಕಾಡಿನ ಬಗ್ಗೆ ನೀವು ಕಳಿಸಿದ ಷರತ್ತುಗಳನ್ನು ನಮ್ಮ ಇಲಾಖೆ ಎಲ್ಲ ರೀತಿಯಿಂದ ಪರಿಶೀಲಿಸಿ ಒಪ್ಪಿ...’ ಎಂಬಲ್ಲಿವರೆಗೆ ಕೇಳಿದ ದುಭಾಷಿಗೆ ಕೊನೆಯಲ್ಲಿ ‘ಒಪ್ಪಿದೆ’ ಬರುವುದೋ ‘ಒಪ್ಪಿಲ್ಲ’ ಬರುವುದೋ ತಿಳಿದಿಲ್ಲ. ಇಂಗ್ಲಿಷ್ ವಾಕ್ಯಕ್ಕೆ ಅದು ಮೊದಲಲ್ಲೇ ಬೇಕು. ಹಾಗಾಗಿ ಅವರು ಕಾಯುತ್ತಾರೆ, ಕಾಯುವಷ್ಟರಲ್ಲಿ ಮುಂದಿನ ವಾಕ್ಯ ಶುರುವಾಗಿರುತ್ತದೆ. ಅನುವಾದಕ್ಕೆಂದು ಮಾತಾಡುವಾಗ ‘ಷರತ್ತು ನೋಡಿದ್ದೇವೆ. ಒಪ್ಪಿಲ್ಲ. ಕಾರಣ ಎರಡು’ ಎಂದು ತುಂಡು ಮಾಡಿ ಹೇಳಿದರೆ ಅರ್ಧ ತೊಂದರೆ ತಪ್ಪುತ್ತದೆ.

‘ನಾವು’ ಎಂಬ ಪದವೂ ಅಪಾಯದ್ದು. ಮರಾಠಿಯಲ್ಲಿ ಎದುರಿನವರನ್ನು ಬಿಟ್ಟ ನಾವು ‘ಆಮ್ಹಿ’, ಸೇರಿಸಿಕೊಂಡ ನಾವು ‘ಆಪಣ್’. ಕನ್ನಡದಲ್ಲಿ ಎರಡಕ್ಕೂ ಒಂದೇ. ‘ನಾವು ಖರ್ಚು ಹಾಕಬೇಕು’ ಎಂದರೆ ನಮ್ಮ ಸರ್ಕಾರವೋ, ಎರಡೂ ಕಡೆ ಸೇರಿಯೋ? ‘ಅವರು ಹೇಳಿದರು’ ಎಂದರೆ ಅವನೋ, ಅವಳೋ, ಹಲವರೋ? ದುಭಾಷಿ ಒಂದನ್ನು ಆರಿಸಲೇಬೇಕು. ನಮ್ಮ ಜಿಲ್ಲೆಯ ‘ಅಡ್ಡಿಲ್ಲೆ’ಯಂತೂ ಇನ್ನೂ ಸೂಕ್ಷ್ಮ. ‘ಯೋಜನೆ ಹೇಗಿದೆ?’ ಎಂದರೆ ‘ಅಡ್ಡಿಲ್ಲೆ’. ಬೆಂಗಳೂರಿನಿಂದ ಬಂದ ದುಭಾಷಿ ಅದನ್ನು ‘ಆಕ್ಷೇಪವಿಲ್ಲ’ ಎಂದು ದಾಟಿಸಿದರೆ ಕಡತದಲ್ಲಿ ಒಪ್ಪಿಗೆ ದಾಖಲಾಗುತ್ತದೆ. ಹೇಳಿದವರ ಮನಸ್ಸಿನಲ್ಲಿದ್ದದ್ದು ‘ಪರವಾಗಿಲ್ಲ, ಅಷ್ಟಕ್ಕಷ್ಟೆ’ ಎಂಬುದಿದ್ದೀತು. ‘ನೋಡ್ವ’, ‘ಮಾಡ್ವ’ಗಳದ್ದೂ ಇದೇ ಕಥೆ. ನಯವಾದ ನಿರಾಕರಣೆ ಅನುವಾದದಲ್ಲಿ ಭರವಸೆಯಾಗಿಬಿಡುತ್ತದೆ. 1945ರ ಜುಲೈನಲ್ಲಿ, ಜಪಾನ್ ಶರಣಾಗಬೇಕೆಂದು ಮಿತ್ರರಾಷ್ಟ್ರಗಳು ಹೊರಡಿಸಿದ ಪಾಟ್ಸ್‌ಡ್ಯಾಮ್ ಘೋಷಣೆಗೆ ಜಪಾನಿನ ಪ್ರಧಾನಿ ಸುಝುಕಿ ಬಳಸಿದ ‘ಮೊಕುಸಾತ್ಸು’ ಎಂಬ ಪದಕ್ಕೆ ಸದ್ಯ ಏನೂ ಹೇಳುವುದಿಲ್ಲ ಎಂದೂ ತಿರಸ್ಕಾರದಿಂದ ಕಡೆಗಣಿಸುತ್ತೇವೆ ಎಂದೂ ಅರ್ಥ ಮಾಡಬಹುದಿತ್ತು. ಜಗತ್ತಿಗೆ ತಲುಪಿದ್ದು ಎರಡನೆಯದು.

ಅಂಕಿಗಳನ್ನು ದುಭಾಷಿಯ ನೆನಪಿಗೆ ಬಿಡಬೇಡಿ, ಕಾಗದದಲ್ಲಿ ಬರೆದು ಎದುರಿಗಿಡಿ. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್ ಎಂಬುದು ಇಂಗ್ಲಿಷ್‌ಗೆ ಸರಿ. ಜರ್ಮನ್, ಫ್ರೆಂಚ್‌ಗಳಲ್ಲಿ ನೂರು ಕೋಟಿಗೆ ಮಿಲಿಯಾರ್ಡ್ ಎಂಬ ಬೇರೆ ಪದವಿದೆ, ಅಲ್ಲಿ ಬಿಲಿಯನ್ ಎಂದರೆ ಅದರ ಸಾವಿರ ಪಟ್ಟು. ಚೀನೀ, ಜಪಾನಿಗಳಲ್ಲಿ ಲೆಕ್ಕ ಹತ್ತು ಸಾವಿರದ ಕಟ್ಟುಗಳಲ್ಲಿ ನಡೆಯುತ್ತದೆ. ಚೀನಿಯಲ್ಲಿ ಆ ಕಟ್ಟು ‘ವಾನ್’: ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್, ಒಂದು ಕೋಟಿ ಸಾವಿರ ವಾನ್, ಹತ್ತು ಕೋಟಿಗೆ ‘ಯಿ’ ಎಂಬ ಬೇರೆ ಪದ. ಅನುಭವಿ ದುಭಾಷಿಗಳೂ ಸೊನ್ನೆ ತಪ್ಪುವುದು ಇಲ್ಲೇ.

ಸ್ವಂತ ದುಭಾಷಿಯನ್ನು ಕರೆದೊಯ್ಯಬೇಕು. ಎರಡು ದೇಶಗಳ ಮಾತುಕತೆಯಲ್ಲಿ ರೂಢಿ ಎಂದರೆ ಪ್ರತಿ ಕಡೆಯ ದುಭಾಷಿ ತನ್ನ ನಾಯಕರ ಮಾತನ್ನು ಎದುರಿನವರ ಭಾಷೆಗೆ ತರುವುದು. ನಾಯಕರ ಮಾತಿನ ಧಾಟಿ, ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ, ಗಾದೆ ಇವು ಅವರಿಗೆ ಪರಿಚಿತ, ಜೊತೆಗೆ ಎದುರಿನ ದುಭಾಷಿ ಏನು ಬಿಟ್ಟ ಎಂದು ನೋಡಲು ಒಂದು ಕಿವಿ ಹೆಚ್ಚಿಗೆ ಇದ್ದಂತಾಗುತ್ತದೆ.

ನಾಯಕರು ಮತ್ತು ದುಭಾಷಿ ಹೇಗೆ ಹೊಂದಿಕೊಂಡಿರಬೇಕು ಎಂಬುದಕ್ಕೆ ಮಾದರಿ ನಮ್ಮ ಮುಂಡಗೋಡಿನ ನಂಟಿನಲ್ಲೇ ಇದೆ. ದಲೈ ಲಾಮಾ ಅವರಿಗೆ 1985ರಿಂದ ಇಂಗ್ಲಿಷ್ ದುಭಾಷಿಯಾಗಿರುವ ತುಪ್ತೆನ್ ಜಿನ್ಪಾ ಮುಂಡಗೋಡಿನ ಗಾಂದೆನ್ ಮಠದಲ್ಲಿ ತರ್ಕ, ದರ್ಶನ ಓದಿ ಟಿಬೆಟನ್ ಬೌದ್ಧ ಮಠಗಳ ಉನ್ನತ ಪದವಿಯಾದ ಗೇಶೆ ಪಡೆದವರು. ದಲೈ ಲಾಮಾ ಅವರಿಗೆ ಇಂಗ್ಲಿಷ್ ಬರುತ್ತದೆ. ಕುಶಲೋಪರಿ, ನಗು, ಸಣ್ಣ ಪ್ರಶ್ನೆಗಳನ್ನು ಅವರೇ ಇಂಗ್ಲಿಷ್‌ನಲ್ಲಿ ನಿಭಾಯಿಸುತ್ತಾರೆ. ವಿಷಯ ಬಿಗಿಯಾದ ಕೂಡಲೇ ಟಿಬೆಟನ್‌ಗೆ ಹೊರಳುತ್ತಾರೆ, ಪಕ್ಕದಲ್ಲಿದ್ದವರು ಅದನ್ನು ಇಂಗ್ಲಿಷ್‌ಗೆ ತರುತ್ತಾರೆ. ಇಂಗ್ಲಿಷ್ ಪದವೊಂದು ಸಿಗದಿದ್ದರೆ ಪಕ್ಕಕ್ಕೆ ತಿರುಗಿ ಕೇಳಲು ಅವರಿಗೆ ಸಂಕೋಚವಿಲ್ಲ. ದೊಡ್ಡ ಪ್ರವಚನಗಳಲ್ಲಿ ಕೇಳುಗರು ಎಫ್‌ಎಂ ರೇಡಿಯೋ ತಂದು ತಮ್ಮ ತಮ್ಮ ಭಾಷೆಯ ತರಂಗಕ್ಕೆ ತಿರುಗಿಸಿ ಕೂರುತ್ತಾರೆ. ಗಾಜಿನ ಗೂಡು, ದುಬಾರಿ ಕಿವಿಯಂತ್ರ ಇಲ್ಲದೆಯೂ ಹಲವು ಭಾಷೆಯ ಸಭೆ ನಡೆಯುತ್ತದೆ.

ಮಾತು ಮುಗಿದು ಕಾಗದಕ್ಕೆ ಬಂದಾಗ ಕೆಲಸ ಇನ್ನೂ ಸೂಕ್ಷ್ಮವಾಗುತ್ತದೆ. 1889ರಲ್ಲಿ ಇಟಲಿ ಮತ್ತು ಇಥಿಯೋಪಿಯಾ ನಡುವೆ ಆದ ವುಚಾಲೆ ಒಪ್ಪಂದದ 17ನೇ ಕಲಮು ಅಮ್ಹಾರಿಕ್ ಭಾಷೆಯಲ್ಲಿ, ಇಥಿಯೋಪಿಯಾ ಪರದೇಶಗಳ ಜೊತೆಗಿನ ವ್ಯವಹಾರಕ್ಕೆ ಇಟಲಿಯ ನೆರವನ್ನು ‘ಬಳಸಿಕೊಳ್ಳಬಹುದು’ ಎಂದಿತ್ತು. ಇಟಾಲಿಯನ್ ಪ್ರತಿಯಲ್ಲಿ ‘ಬಳಸಿಕೊಳ್ಳತಕ್ಕದ್ದು’. ಆ ಒಂದು ಕ್ರಿಯಾಪದದ ಜಗಳ 1896ರ ಅಡುವಾ ಯುದ್ಧದವರೆಗೆ ಹೋಯಿತು. ಭಾರತ ಈಗ ಸಾಮಾನ್ಯವಾಗಿ ಹಿಂದಿ, ಎದುರಿನ ದೇಶದ ಭಾಷೆ ಮತ್ತು ಇಂಗ್ಲಿಷ್ ಮೂರರಲ್ಲೂ ಸಹಿ ಹಾಕಿ, ಭಿನ್ನಾಭಿಪ್ರಾಯ ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ ಎಂದು ಕೊನೆಯ ಕಲಮಿನಲ್ಲಿ ಬರೆಯುವುದು ಇಂಥ ಕಾರಣಕ್ಕೆ.

ಬಂದರು, ರೈಲು, ವಿದ್ಯುತ್ ಯೋಜನೆಗಳ ಇಂಗ್ಲಿಷ್ ಕಡತ ಕನ್ನಡವಾಗಿ ನಮ್ಮ ಗ್ರಾಮ ಪಂಚಾಯಿತಿಗೆ, ಮೀನುಗಾರರ ಸಂಘಕ್ಕೆ ಬರುವಾಗಲೂ ಇದೇ ಪರೀಕ್ಷೆ ನಡೆಯಬೇಕು. ಇಂಗ್ಲಿಷ್ ಮೂಲ ನೋಡಿರದ ಒಬ್ಬರಿಗೆ ಕನ್ನಡ ಪ್ರತಿ ಕೊಟ್ಟು ಮತ್ತೆ ಇಂಗ್ಲಿಷ್‌ಗೆ ಅನುವಾದಿಸಲು ಹೇಳಿ. ಎರಡು ಇಂಗ್ಲಿಷ್ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಮೊದಲು ಕ್ರಿಯಾಪದಗಳನ್ನಷ್ಟೇ ಹೋಲಿಸಿ: ‘ಬಹುದು’ ಎಲ್ಲಿದೆ, ‘ಬೇಕು’ ಎಲ್ಲಿದೆ, ‘ತಕ್ಕದ್ದು’ ಎಲ್ಲಿದೆ. ಆಮೇಲೆ ಅಂಕಿ, ಆಮೇಲೆ ‘ನಾವು’ ಯಾರೆಂಬುದು. ಮೂವತ್ತು ಪುಟದ ಕಡತಕ್ಕೆ ಇಬ್ಬರು ಕೂತರೆ ಒಂದು ದಿನದ ಕೆಲಸ. ಅದನ್ನು ಸಹಿಗೆ ಮೊದಲೇ ಮುಗಿಸಿ, ವ್ಯತ್ಯಾಸ ಕಂಡ ಕಲಮುಗಳ ಪಟ್ಟಿಯನ್ನು ಸಭೆಯ ನಡಾವಳಿಗೆ ಸೇರಿಸಿಡಬೇಕು.